ಹೊಸ ರೂಟರ್ ಹಾಕಿದ ದಿನದಿಂದ ನಮ್ಮ ಸರ್ವರ್ ಹೆಸರೇ ಸಿಗ್ತಿಲ್ಲ

ಗ್ರಾಹಕ ಸೇವಾ ವಿಭಾಗದವರಿಗೆ,

ನಮಸ್ಕಾರ. ನಮ್ದು ದಾವಣಗೆರೇಲಿ ಆಡಿಟರ್ ಆಫೀಸು, ನಿಮ್ಮ ಫೈಬರ್ ಕನೆಕ್ಷನ್ ತಗೊಂಡು ನಾಲ್ಕು ವರ್ಷ ಆಯ್ತು, ಒಂದು ತಿಂಗಳೂ ಬಿಲ್ ಬಾಕಿ ಇಟ್ಟಿಲ್ಲ. ಈ ತಿಂಗಳು 16ಕ್ಕೆ ನಿಮ್ಮ ಟೆಕ್ನಿಷಿಯನ್ ಬಂದು ಹಳೇ ರೂಟರ್ ತೆಗೆದು ಹೊಸದು ಹಾಕಿ, ಮೊಬೈಲಲ್ಲಿ ಸ್ಪೀಡ್ ಟೆಸ್ಟ್ ತೋರ್ಸಿ ಸೈನ್ ಹಾಕಿಸ್ಕೊಂಡು ಹೋದ್ರು. ಅವತ್ತು ಮಧ್ಯಾಹ್ನ ಮೂರು ಕಂಪ್ಯೂಟರಲ್ಲಿ, ನಮ್ಮ ಸರ್ವರಲ್ಲಿರೋ ಟ್ಯಾಲಿ (ಲೆಕ್ಕದ ಸಾಫ್ಟ್‌ವೇರ್) ಡೇಟಾ ಓಪನ್ ಆಗ್ಲಿಲ್ಲ, ಮಾರನೇ ದಿನ ಹನ್ನೆರಡರಲ್ಲಿ ಏಳು. ಇಂಟರ್ನೆಟ್ ಮಾತ್ರ ಎಲ್ಲದರಲ್ಲೂ ಬರ್ತಿತ್ತು.

ಕಸ್ಟಮರ್ ಕೇರ್‌ಗೆ ಐದು ಸಲ ಫೋನ್ ಮಾಡಿದೆ. ಐದೂ ಸಲ ರೂಟರ್ ಆಫ್ ಮಾಡಿ ಆನ್ ಮಾಡಿ, ಹಸಿರು ಲೈಟ್ ಇದ್ಯಾ, ಹಾಗಾದ್ರೆ ನಮ್ಮ ಕಡೆ ಏನೂ ಪ್ರಾಬ್ಲಮ್ ಇಲ್ಲ ಅಂತ ಹೇಳಿ ಕಂಪ್ಲೇಂಟ್ ಕ್ಲೋಸ್ ಮಾಡಿದ್ರು. ಹಾಗಾಗಿ 18ನೇ ತಾರೀಕು ರಾತ್ರಿ ನಾನೇ ಕೂತು ನೋಡಿದೆ. ಸರ್ವರ್‌ನ 192.168.1.10 ಅಂತ ನಂಬರ್ ಕೊಟ್ಟು ಪಿಂಗ್ ಮಾಡಿದ್ರೆ, ಅಂದ್ರೆ ಇದ್ದೀಯಾ ಅಂತ ಕೇಳಿದ್ರೆ, ತಕ್ಷಣ ಉತ್ತರ ಬರುತ್ತೆ, ಹೆಸರು ಕೊಟ್ರೆ ಬರಲ್ಲ, ಅಂದ್ರೆ ಕೇಬಲ್, ಸ್ವಿಚ್, ಸರ್ವರ್ ಎಲ್ಲಾ ಸರಿ ಇದೆ, ಕೆಟ್ಟಿರೋದು ಡಿಎನ್‌ಎಸ್, ಅಂದ್ರೆ ಹೆಸರು ಕೊಟ್ರೆ ಅದರ ನಂಬರ್ ಹುಡುಕಿ ಕೊಡೋ ವ್ಯವಸ್ಥೆ. ನೆಟ್‌ವರ್ಕ್ ಸೆಟ್ಟಿಂಗ್ ತೋರ್ಸೋ ಐಪಿಕಾನ್ಫಿಗ್ ಕಮಾಂಡ್ ಹಾಕಿದ್ರೆ ತೊಂದರೆ ಇರೋ ಏಳೂ ಮಷಿನ್‌ಗೆ ಡಿಎನ್‌ಎಸ್ ಜಾಗದಲ್ಲಿ 192.168.1.1, ಅಂದ್ರೆ ನಿಮ್ಮ ರೂಟರ್, ಅದಕ್ಕೆ ನಮ್ಮ ಸರ್ವರ್ ಹೆಸರು ಗೊತ್ತಿಲ್ಲ. ನಮ್ಮಲ್ಲಿ ಅಡ್ರೆಸ್ ಹಂಚೋ ಡಿಎಚ್‌ಸಿಪಿ ಕೆಲಸ ಮೊದಲಿಂದ ಸರ್ವರೇ ಮಾಡುತ್ತೆ, ಹಳೇ ರೂಟರಲ್ಲಿ ಅದನ್ನ ಆಫ್ ಮಾಡಿಸಿದ್ವಿ. ಹೊಸದರಲ್ಲಿ ಆನ್ ಬಿಟ್ಟು ಹೋಗಿದ್ದಾರೆ, ಈಗ ಇಬ್ರು ಹಂಚ್ತಾರೆ, ಯಾರ ಉತ್ತರ ಮೊದಲು ಸಿಕ್ತೋ ಕಂಪ್ಯೂಟರ್ ಅದನ್ನೇ ಇಟ್ಕೊಳ್ಳುತ್ತೆ. ಅದಕ್ಕೇ ಕೆಲವು ನಡೀತಿತ್ತು ಕೆಲವು ಇಲ್ಲ.

ಇನ್ನೊಂದು ವಿಷಯ ನನಗೆ ನಿಜವಾಗ್ಲೂ ಬೇಜಾರಾಗಿದ್ದು. ಎಲ್ಲೂ ಇಲ್ಲದ ಹೆಸರನ್ನ ಬೇಕಂತ್ಲೇ ಎನ್‌ಎಸ್‌ಲುಕಪ್‌ಗೆ (ಡಿಎನ್‌ಎಸ್‌ನ ಹೆಸರು ಕೇಳಿ ನೋಡೋ ಕಮಾಂಡ್) ಕೊಟ್ಟೆ, ನಿಮ್ಮ ಡಿಎನ್‌ಎಸ್ 'ಇಲ್ಲ' ಅನ್ನೋ ಬದಲು ಹೊರಗಿನ ಒಂದು ಅಡ್ರೆಸ್ ಕೊಡುತ್ತೆ, ಅದನ್ನ ಬ್ರೌಸರಲ್ಲಿ ಹಾಕಿದ್ರೆ ನಿಮ್ಮ ಜಾಹೀರಾತು ಪುಟ. ಇಲ್ಲ ಅಂದಿದ್ರೆ ವಿಂಡೋಸ್ ನಮ್ಮ ಆಫೀಸಿನ ನೆಟ್‌ವರ್ಕ್ ಒಳಗೇ ಕೂಗಿ ಸರ್ವರ್ ಹುಡುಕ್ಕೊಳ್ತಿತ್ತೇನೋ, ಸುಳ್ಳು ಉತ್ತರ ಸಿಕ್ಕಿದ್ರಿಂದ ಅಲ್ಲಿಗೇ ನಿಂತುಹೋಗ್ತಿದೆ.

ರೂಟರ್ ಸೆಟ್ಟಿಂಗ್ ನಾನೇ ಸರಿ ಮಾಡ್ಕೊಳ್ತೀನಿ, ಅಡ್ಮಿನ್ ಪಾಸ್‌ವರ್ಡ್ ಕೊಡಿ ಅಂದ್ರೆ ಕಂಪನಿ ಪಾಲಿಸಿ, ಕೊಡಲ್ಲ ಅಂದ್ರು. ಸರಿ, ನೀವೇ ಬಂದು ಮಾಡಿ ಅಂದ್ರೆ ಯಾರೂ ಬರಲಿಲ್ಲ. ಕೊನೆಗೆ ಏಳೂ ಮಷಿನಲ್ಲಿ ಡಿಎನ್‌ಎಸ್ ಜಾಗದಲ್ಲಿ ನಮ್ಮ ಸರ್ವರ್ ನಂಬರನ್ನ ಕೈಯಲ್ಲೇ ಹಾಕಿ, ಹಳೇ ಉತ್ತರಗಳನ್ನ ಫ್ಲಶ್ ಮಾಡಿ ಅಳಿಸಿದೆ, ಕೆಲಸ ಶುರುವಾಯ್ತು, ಆದ್ರೆ ಅದರಲ್ಲಿ ಎರಡು ಲ್ಯಾಪ್‌ಟಾಪು, ಮನೆಗೆ ತಗೊಂಡ್ ಹೋದ್ರೆ ಅಲ್ಲಿ ನಮ್ಮ ಸರ್ವರ್ ಇಲ್ವಲ್ಲ, ಇಂಟರ್ನೆಟ್ಟೇ ಬರಲ್ಲ. ನಾಳೆ 20, ತಿಂಗಳ ಜಿಎಸ್‌ಟಿ ರಿಟರ್ನ್ ಜಿಎಸ್‌ಟಿಆರ್-3ಬಿ ಹಾಕೋಕೆ ಕೊನೇ ದಿನ, ತಪ್ಪಿದ್ರೆ ನಮ್ಮ ಪಾರ್ಟಿಗಳಿಗೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ಜೊತೆಗೆ ಕಟ್ಟಬೇಕಾದ ತೆರಿಗೆಗೆ ವರ್ಷಕ್ಕೆ 18% ಬಡ್ಡಿ. ಎರಡೂವರೆ ದಿನ ನಮ್ಮ ಹುಡುಗ್ರು ಕೈಕಟ್ಟಿ ಕೂತಿದ್ರು.

ರೂಟರ್‌ನ ಡಿಎಚ್‌ಸಿಪಿ ಆಫ್ ಮಾಡಿಸಿ ಇಲ್ಲಾ ಪಾಸ್‌ವರ್ಡ್ ಕೊಡಿ, ಆ ಜಾಹೀರಾತು ಉತ್ತರ ನಮ್ಮ ಕನೆಕ್ಷನ್‌ಗೆ ನಿಲ್ಸಿ, ಮೂರು ದಿನದ ದುಡ್ಡು ಬಿಲ್ಲಲ್ಲಿ ಕಳೀರಿ. ಕಂಪ್ಲೇಂಟ್‌ನ ಡಾಕೆಟ್ ನಂಬರ್ ಕೂಡ ಈ ಸಲ ಬರವಣಿಗೇಲಿ ಬೇಕು, ಸರಿ ಹೋಗದಿದ್ರೆ ನಿಮ್ಮದೇ ಅಪೀಲ್ ಅಥಾರಿಟಿಗೆ ಅದೇ ನಂಬರ್ ಹಾಕಿ ಬರೀತೀನಿ. ಟೆಕ್ನಿಷಿಯನ್ ಕಳ್ಸೋದಾದ್ರೆ ಬೆಳಿಗ್ಗೆ ಹತ್ತರೊಳಗೆ ಕಳ್ಸಿ, ಆಮೇಲೆ ಫೈಲಿಂಗ್ ನಡೀತಿರುತ್ತೆ, ರೂಟರ್ ಮುಟ್ಟೋಕೆ ಬಿಡಲ್ಲ.

ಇಂತಿ,
ಆಫೀಸಿನ ಕಂಪ್ಯೂಟರ್ ನೋಡ್ಕೊಳ್ಳೋ ಅಕೌಂಟೆಂಟ್