ಅಳತೆಗೆ ಹಳೆಯ ಪ್ಯಾಂಟು ಸಾಲದು: ನಮ್ಮ ಗ್ರಾಹಕರಿಗೆ ಒಂದು ಪತ್ರ

ಶಿರಸಿ

ಮಾನ್ಯ ಗ್ರಾಹಕರೇ,

ಸಾದರ ನಮಸ್ಕಾರಗಳು.

ಚೌತಿ ಕಳೆದ ಮೇಲಿನ ಮೊದಲ ಸೋಮವಾರದಿಂದ ನಮ್ಮಲ್ಲಿ ಫಾರ್ಮಲ್ ಪ್ಯಾಂಟು ಹೊಲಿಸುವವರು ಖುದ್ದಾಗಿ ಬಂದು ಅಳತೆ ಕೊಡಬೇಕು ಮತ್ತು ಕಚ್ಚಾ ಹೊಲಿಗೆ (ತೊಟ್ಟು ನೋಡಲೆಂದು ಹಾಕುವ, ಬಿಚ್ಚಬಹುದಾದ ಹೊಲಿಗೆ) ಆದ ಮೇಲೆ ಇನ್ನೊಮ್ಮೆ ಬಂದು ತೊಟ್ಟು ನೋಡಬೇಕು. ಅಳತೆಗೆಂದು ಹಳೆಯ ಪ್ಯಾಂಟನ್ನು ಮಾತ್ರ ಕಳುಹಿಸಿದರೆ ಇನ್ನು ಮುಂದೆ ಬಟ್ಟೆಗೆ ಕತ್ತರಿ ಹಾಕುವುದಿಲ್ಲ. ಒಂದು ಪ್ಯಾಂಟಿನ ಹೊಲಿಗೆ ದರ 450 ರೂಪಾಯಿ ಇದ್ದದ್ದು 600 ರೂಪಾಯಿ ಆಗುತ್ತದೆ. ಏಳು ದಿನಕ್ಕೆ ಕೊಡುತ್ತಿದ್ದುದನ್ನು ಹನ್ನೆರಡು ದಿನಕ್ಕೆ ಕೊಡುತ್ತೇವೆ.

ಇಷ್ಟನ್ನು ಕಳೆದ ತಿಂಗಳು ಬಾಗಿಲಿಗೆ ನಾಲ್ಕು ಸಾಲಿನ ಚೀಟಿಯಾಗಿ ಅಂಟಿಸಿ ಸುಮ್ಮನಾದದ್ದು ನಮ್ಮ ತಪ್ಪು. ಅದನ್ನು ಓದಿದ ಕೆಲವರು ನಾವು ಆಲ್ಟರೇಷನ್ ಕೆಲಸವನ್ನೇ ನಿಲ್ಲಿಸಿದ್ದೇವೆ ಎಂದು ತಿಳಿದು ಬಟ್ಟೆಯ ಚೀಲದೊಂದಿಗೆ ಮೆಟ್ಟಿಲಿನಿಂದಲೇ ಹಿಂತಿರುಗಿದರು. ಇನ್ನು ಕೆಲವರು "ಇವರಿಗೆ ಗಿರಾಕಿ ಜಾಸ್ತಿಯಾಗಿ ಸೊಕ್ಕು ಬಂದಿದೆ" ಎಂದು ಮಾತಾಡಿಕೊಂಡದ್ದು ನಮ್ಮ ಕಿವಿಗೂ ಬಿತ್ತು. ಗಿರಾಕಿ ಜಾಸ್ತಿಯಾಗಿಲ್ಲ, ಸೊಕ್ಕು ಬರುವಂಥದ್ದೇನೂ ನಡೆದಿಲ್ಲ. ವರ್ಷಗಟ್ಟಲೆ ನಮ್ಮ ಹೊಲಿಗೆಯನ್ನೇ ತೊಟ್ಟವರು ಕಾರಣ ತಿಳಿಯದೆ ಬೇಸರಪಟ್ಟುಕೊಳ್ಳಬಾರದೆಂದು ಈ ಪತ್ರ ಬರೆಯುತ್ತಿದ್ದೇವೆ.

ಎರಡು ಮೂರು ವರ್ಷಗಳಿಂದ ನಮಗೆ ಮತ್ತೆ ಮತ್ತೆ ಕೇಳಿಬರುತ್ತಿರುವ ದೂರು ಒಂದೇ: "ನಾನು ಕೊಟ್ಟ ಪ್ಯಾಂಟಿನ ಹಾಗೇ ಹೊಲಿಯಿರಿ ಎಂದಿದ್ದೆ, ನೀವು ಬೇರೆಯೇ ಹೊಲಿದಿದ್ದೀರಿ." ಕೌಂಟರಿನಲ್ಲಿ ನಾಲ್ಕು ಜನರೆದುರು ಈ ಮಾತು ಬಂದಾಗ ನಾವು ತಲೆ ತಗ್ಗಿಸಿ "ಸರಿ ಮಾಡಿಕೊಡುತ್ತೇವೆ" ಎಂದಷ್ಟೇ ಹೇಳುತ್ತ ಬಂದೆವು. ಅಲ್ಲಿ ಹೇಳಲಾಗದ ಉತ್ತರವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇವೆ, ದಯವಿಟ್ಟು ತಾಳ್ಮೆಯಿಂದ ಓದಬೇಕು.

ಬಹುತೇಕ ಸಲ ನೀವು ಕೊಟ್ಟ ಪ್ಯಾಂಟಿನ ಹಾಗೆಯೇ ನಾವು ಹೊಲಿದಿದ್ದೆವು. ಪ್ಯಾಂಟನ್ನು ಮೇಜಿನ ಮೇಲೆ ಹಾಸಿ ಟೇಪು ಹಿಡಿದರೆ ಉದ್ದ, ಸೊಂಟ, ತೊಡೆ, ಮಂಡಿ, ಬಾಟಮ್ (ಕಾಲಿನ ತುದಿಯ ಸುತ್ತಳತೆ) ಎಲ್ಲವೂ ಸಿಗುತ್ತವೆ. ಆದರೆ ಎರಡು ವರ್ಷ ಬೆಲ್ಟು ಬಿಗಿದು ತೊಟ್ಟ ಪ್ಯಾಂಟಿನ ಸೊಂಟಪಟ್ಟಿ ಹಿಗ್ಗಿರುತ್ತದೆ, ಮಂಡಿಯ ಬಳಿ ಬಟ್ಟೆ ಜೋತಿರುತ್ತದೆ, ಹತ್ತಿಯದಾದರೆ ಒಗೆದು ಒಗೆದು ಉದ್ದ ಕುಗ್ಗಿರುತ್ತದೆ. ಆ ಹಿಗ್ಗು ಕುಗ್ಗುಗಳೆಲ್ಲ ಹೊಸ ಬಟ್ಟೆಯ ಮೇಲೆ ಹಾಗೆಯೇ ಇಳಿಯುತ್ತವೆ. ಅದೂ ಅಲ್ಲದೆ ಈಗ ಅಳತೆಗೆ ಬರುವ ಹತ್ತು ಪ್ಯಾಂಟುಗಳಲ್ಲಿ ಏಳು ರೆಡಿಮೇಡಿನವು. ಅವುಗಳ ಒಳಪಟ್ಟಿಯ ಮೇಲೆ 34 ಎಂದಿರುತ್ತದೆ, ಟೇಪು ಹಿಡಿದರೆ 35 ಅಥವಾ 36 ಬರುತ್ತದೆ. ಕೊಳ್ಳುವವರಿಗೆ ತಾವು ತೆಳ್ಳಗಿದ್ದೇವೆ ಎನ್ನಿಸಲಿ ಎಂಬ ಉಪಾಯ ಅದು. "ನನ್ನದು 34" ಎಂದು ಗಟ್ಟಿಯಾಗಿ ಹೇಳುವವರ ಜೊತೆ ನಾವು ವಾದ ಮಾಡಲಿಕ್ಕೆ ಹೋಗುವುದಿಲ್ಲ, ಟೇಪು ತೋರಿಸುತ್ತೇವೆ ಅಷ್ಟೇ.

ಇದಕ್ಕಿಂತ ದೊಡ್ಡ ತೊಡಕು ಲೈಕ್ರಾ ಎಂಬ ಎಳೆದರೆ ಹಿಗ್ಗುವ ನೂಲಿನದು. ರೆಡಿಮೇಡ್ ಪ್ಯಾಂಟಿನ ಬಟ್ಟೆಯಲ್ಲಿ ನೂರಕ್ಕೆ ಎರಡು ಪಾಲು ಲೈಕ್ರಾ ನೂಲು ಇದ್ದರೂ ಸಾಕು, ಕೂತಾಗ ಅದು ಎಳೆದುಕೊಂಡು ಎದ್ದಾಗ ಮತ್ತೆ ಸ್ವಸ್ಥಾನಕ್ಕೆ ಬರುತ್ತದೆ. ನೀವು ಹೊಲಿಸಲು ತರುವ ಟೆರಿವೂಲ್ (ಪಾಲಿಯೆಸ್ಟರ್ ಬೆರೆತ ಉಣ್ಣೆ) ಅಥವಾ ಪಾಲಿಯೆಸ್ಟರ್-ವಿಸ್ಕೋಸ್ ಬಟ್ಟೆಗೆ ಸಾಮಾನ್ಯವಾಗಿ ಆ ಗುಣ ಇರುವುದಿಲ್ಲ. ಮನುಷ್ಯ ನಿಂತಾಗ ಇರುವ ಸೀಟಿನ, ಅಂದರೆ ಕೂರುವ ಭಾಗದ ಸುತ್ತಿನ, ಅಳತೆ ಕೂತಾಗ ಸುಮಾರು ಒಂದೂವರೆ ಎರಡು ಇಂಚು ಹಿಗ್ಗುತ್ತದೆ. ಆ ಎರಡು ಇಂಚನ್ನು ಒಂದು ಪ್ಯಾಂಟಿನಲ್ಲಿ ನೂಲು ಕೊಡುತ್ತದೆ, ಇನ್ನೊಂದರಲ್ಲಿ ನಾವು ಕಟಿಂಗಿನಲ್ಲಿಯೇ ಬಿಡಬೇಕು. ಎಳೆಯುವ ಬಟ್ಟೆಯ ಅಳತೆಯನ್ನು ಎಳೆಯದ ಬಟ್ಟೆಗೆ ಇಂಚು ತಪ್ಪದಂತೆ ಇಳಿಸಿದರೆ ಆಗುವುದೇನು ಎಂಬುದನ್ನು ನಾವು ನೋಡಿಯಾಗಿದೆ.

ನಮ್ಮ ಪಾಲಿನ ತಪ್ಪನ್ನು ಇಲ್ಲಿಯೇ ಒಪ್ಪಿಕೊಳ್ಳುತ್ತೇವೆ. ಕಳೆದ ವೈಶಾಖದ ಮದುವೆ ಗದ್ದಲದಲ್ಲಿ ಕಾಲೇಜಿನ ಉಪನ್ಯಾಸಕರೊಬ್ಬರ ಪ್ಯಾಂಟಿನ ಬಟ್ಟೆಯನ್ನು ಅವರ ಭಾವ ತಂದುಕೊಟ್ಟರು, ಅಳತೆಗೆ ಬೆಂಗಳೂರಿನಲ್ಲಿ ಕೊಂಡ ಒಂದು ಬಿಗಿ ಪ್ಯಾಂಟು. ಸೊಂಟದ ಮುಂಭಾಗದಿಂದ ಕಾಲುಗಳ ನಡುವೆ ಹಾದು ಬೆನ್ನಿನ ಕಡೆಯ ಸೊಂಟಪಟ್ಟಿಗೆ ಸೇರುವ ಸುತ್ತು ತೀರ ಕಡಿಮೆ ಇದೆ ಎಂದು ನಮ್ಮ ಕಟಿಂಗ್ ಮಾಸ್ತರರು ಅಂದೇ ಹೇಳಿದ್ದರು. ಫೋನು ಮಾಡಿ ಕೇಳಬೇಕಿತ್ತು, ಮಾಡಲಿಲ್ಲ. "ಹಾಗೇ ಹೊಲಿಯಿರಿ" ಎಂದಿದ್ದಾರಲ್ಲ ಎಂದುಕೊಂಡು ಹಾಗೇ ಹೊಲಿದೆವು. ನಿಂತಾಗ ಪ್ಯಾಂಟು ಚಂದವೇ ಕಂಡಿತಂತೆ. ಮಧ್ಯಾಹ್ನ ಪಂಕ್ತಿಯಲ್ಲಿ ನೆಲಕ್ಕೆ ಚಕ್ಕಳಮಕ್ಕಳ ಹಾಕಿ ಕೂತು, ಎರಡನೆಯ ಸಲ ಬಂದ ಪಾಯಸಕ್ಕೆ ಬಾಳೆ ಸರಿಪಡಿಸಲು ಮುಂದೆ ಬಗ್ಗಿದಾಗ ಹಿಂದಿನ ಹೊಲಿಗೆ ನಾಲ್ಕು ಬೆರಳಿನಷ್ಟು ಬಿಟ್ಟಿತು. ಅವರು ಸೊಂಟಕ್ಕೆ ಶಾಲು ಸುತ್ತಿಕೊಂಡು ಎದ್ದರೆಂದು ಮರುದಿನ ಕೌಂಟರಿನಲ್ಲಿ ತಿಳಿಯಿತು. ಬಿಟ್ಟದ್ದು ದಾರ ಮಾತ್ರ, ಬಟ್ಟೆ ಹರಿದಿರಲಿಲ್ಲ. ಹಿಂದಿನ ನಡುಹೊಲಿಗೆಯಲ್ಲಿ ಎರಡೂ ಕಡೆ ಒಂದೊಂದು ಇಂಚು ಮಾರ್ಜಿನ್ ಬಿಡುವುದು ನಮ್ಮ ಹಳೆಯ ಪದ್ಧತಿಯಾದ್ದರಿಂದ ಸೀಟನ್ನು ಹಿಗ್ಗಿಸಿ, ಕಾಸು ತೆಗೆದುಕೊಳ್ಳದೆ ಸರಿ ಮಾಡಿಕೊಟ್ಟೆವು. ಆದರೆ ಪಂಕ್ತಿಯ ನಡುವೆ ಆದ ಮುಜುಗರವನ್ನು ಹಿಂತೆಗೆದುಕೊಳ್ಳುವ ಆಲ್ಟರೇಷನ್ ಯಾವ ದರ್ಜಿಯ ಹತ್ತಿರವೂ ಇಲ್ಲ. ಅವರ ಕ್ಷಮೆಯನ್ನು ಈ ಪತ್ರದ ಮೂಲಕ ಇನ್ನೊಮ್ಮೆ ಕೇಳುತ್ತೇವೆ.

ಅಂದಿನಿಂದ ಟ್ರಯಲ್ ಕೋಣೆಯಲ್ಲಿ ಕನ್ನಡಿಯ ಪಕ್ಕ ಒಂದು ಕುರ್ಚಿ, ಒಂದು ಮಣೆ ಇಟ್ಟಿದ್ದೇವೆ. ಕಚ್ಚಾ ಹೊಲಿಗೆಯ ಪ್ಯಾಂಟು ತೊಟ್ಟು ಮೊದಲು ನಿಲ್ಲಬೇಕು, ಆಮೇಲೆ ಕುರ್ಚಿಯಲ್ಲಿ, ಕೊನೆಗೆ ಮಣೆಯ ಮೇಲೆ ಕೂರಬೇಕು. ನಗುವವರು ನಗಲಿ. ನಮ್ಮ ಕಡೆಯ ಮನುಷ್ಯ ಪ್ಯಾಂಟು ತೊಟ್ಟುಕೊಂಡು ಬ್ಯಾಂಕಿನ ಕುರ್ಚಿಯಲ್ಲೂ ಕೂರುತ್ತಾನೆ, ಬೈಕಿನ ಮೇಲೂ ಕೂರುತ್ತಾನೆ, ಊಟಕ್ಕೆ ನೆಲದ ಮೇಲೂ ಕೂರುತ್ತಾನೆ. ಮೂರಕ್ಕೂ ಒಗ್ಗುವ ಪ್ಯಾಂಟನ್ನು ಬೇರೆ ಊರಿನ ಕಾರ್ಖಾನೆ ಯೋಚಿಸಿ ಹೊಲಿದಿರುವುದಿಲ್ಲ.

ಟ್ರಯಲ್‌ಗೆ ನಿಂತಾಗ ನಾವು ಏನು ನೋಡುತ್ತೇವೆ ಎಂದು ನಿಮಗೂ ತಿಳಿದಿದ್ದರೆ ಒಳ್ಳೆಯದು, ರೆಡಿಮೇಡ್ ಕೊಳ್ಳುವಾಗಲೂ ಉಪಯೋಗಕ್ಕೆ ಬರುತ್ತದೆ. ಬೆಲ್ಟು ಇಲ್ಲದೆಯೇ ಪ್ಯಾಂಟು ನಿಲ್ಲಬೇಕು, ಸೊಂಟಪಟ್ಟಿಯೊಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಪಕ್ಕದ ಜೇಬುಗಳು ಖಾಲಿ ಇದ್ದಾಗಲೂ ಬಾಯಿ ತೆರೆದುಕೊಂಡಿದ್ದರೆ ಸೀಟಿನಲ್ಲಿ ಬಟ್ಟೆ ಸಾಲುತ್ತಿಲ್ಲ ಎಂದರ್ಥ. ಜಿಪ್ಪಿನ ಬುಡದಿಂದ ಎರಡೂ ತೊಡೆಗಳ ಕಡೆಗೆ ಅಡ್ಡ ಗೆರೆಗಳು ಎಳೆದಂತೆ ಕಂಡರೂ ಅದೇ ಬಗೆಯ ಬಿಗಿತ. ಹಿಂದೆ ಸೀಟಿನ ಕೆಳಗೆ ಬಟ್ಟೆ ಮಡಿಕೆಯಾಗಿ ಜೋತಿದ್ದರೆ ಹಿಂಭಾಗದ ಉದ್ದ ಹೆಚ್ಚಾಗಿದೆ, ಅದನ್ನು ಮೇಲಿನಿಂದ ಕಡಿಮೆ ಮಾಡಬೇಕೇ ಹೊರತು ಸೊಂಟ ಬಿಗಿ ಮಾಡಿದರೆ ಹೋಗದು. ಇಸ್ತ್ರಿಯ ಗೆರೆ ಮಂಡಿಯ ನಡುವಿನಿಂದ ಇಳಿದು ಬೂಟಿನ ನಡುವಿಗೆ ಬೀಳಬೇಕು. ಸೊಂಟ 36 ಇಂಚು ಇರುವ ಇಬ್ಬರು ಬಂದರೆ ಒಬ್ಬರ ಸೀಟು ಚಪ್ಪಟೆ, ಇನ್ನೊಬ್ಬರದು ತುಂಬಿಕೊಂಡದ್ದು. ಇಬ್ಬರಿಗೂ ಒಂದೇ ಕಟಿಂಗ್ ಹಾಕಿದರೆ ಇಬ್ಬರದೂ ಕೆಡುತ್ತದೆ. ಹಳೆಯ ಪ್ಯಾಂಟಿನ ಒಡೆಯರು ಅದರ ಯಾವ ದೋಷವನ್ನು ಮಾತಾಡದೆ ಸಹಿಸಿಕೊಂಡು ಬಂದಿದ್ದಾರೆ ಎಂಬುದು ಮೇಜಿನ ಮೇಲೆ ಹಾಸಿದ ಬಟ್ಟೆಯಿಂದ ನಮಗೆ ತಿಳಿಯುವುದಿಲ್ಲ.

ಹೊಟ್ಟೆ ಸ್ವಲ್ಪ ಮುಂದೆ ಬಂದವರಲ್ಲಿ ಎರಡು ಪಂಗಡ. ಹೊಟ್ಟೆಯ ಮೇಲೆ ಕಟ್ಟುವವರಿಗೆ ಪ್ಯಾಂಟಿನ ಮುಂಭಾಗ ಎತ್ತರವಾಗಬೇಕು, ಪ್ಲೀಟ್ ಇದ್ದರೆ ಅನುಕೂಲ. ಹೊಟ್ಟೆಯ ಕೆಳಗೆ ಕಟ್ಟುವವರಿಗೆ ಮುಂಭಾಗ ತಗ್ಗು, ಹಿಂಭಾಗ ಎತ್ತರ ಬೇಕು, ಇಲ್ಲದಿದ್ದರೆ ಬಗ್ಗಿದಾಗಲೆಲ್ಲ ಅಂಗಿ ಹೊರಗೆ ಬರುತ್ತದೆ. ನೀವು ಯಾವ ಪಂಗಡ ಎಂದು ನಾವು ಕೇಳಿದರೆ ಅವಮಾನ ಮಾಡಿದೆವೆಂದು ಭಾವಿಸಬಾರದು. ಹಾಗೆಯೇ ಹವಾಯಿ ಚಪ್ಪಲಿಯಲ್ಲಿ ಬಂದು ಉದ್ದದ ಅಳತೆ ಕೊಟ್ಟು, ಕಚೇರಿಗೆ ಒಂದಿಂಚು ಹಿಮ್ಮಡಿಯ ಬೂಟು ಹಾಕಿಕೊಂಡು ಹೋಗಿ "ಮೋಟಾಯಿತು" ಎಂದರೆ ಉತ್ತರ ಕೊಡುವುದು ಕಷ್ಟ. ಅಳತೆಗೆ ಬರುವಾಗ ಆ ಪ್ಯಾಂಟಿನೊಡನೆ ಹಾಕುವ ಬೂಟನ್ನೇ ಹಾಕಿಕೊಂಡು ಬನ್ನಿ, ಜೇಬಿನಲ್ಲಿ ಇಟ್ಟುಕೊಳ್ಳುವ ಫೋನೂ ಇರಲಿ. ಬಾಟಮ್ ಹನ್ನೆರಡೂವರೆ ಇಂಚು ಬೇಕೆನ್ನುವ ಯುವಕರಿಗೆ ಒಂದು ಮಾತು: ಎಳೆಯದ ಬಟ್ಟೆಯಲ್ಲಿ ಅಷ್ಟು ಸಣ್ಣದು ಹೊಲಿದರೆ ಅನೇಕರಿಗೆ ಹಿಮ್ಮಡಿಯೇ ದಾಟುವುದಿಲ್ಲ. ನಿಮ್ಮ ಹಿಮ್ಮಡಿ ಸುತ್ತ ಟೇಪು ಹಿಡಿದು ತೋರಿಸುತ್ತೇವೆ, ಆಮೇಲೆ ನಿಮ್ಮ ಇಷ್ಟ.

ಇನ್ನು ದರದ ವಿಷಯ. "ಹೊಲಿಗೆಗೆ ಕೊಡುವ ದುಡ್ಡಿನಲ್ಲಿ ಒಂದು ರೆಡಿಮೇಡೇ ಬರುತ್ತದೆ" ಎಂಬ ಮಾತನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ 2025ರ ಸೆಪ್ಟೆಂಬರ್ 22ರ ನಂತರ "ಜಿಎಸ್‌ಟಿ ಇಳಿದಿದೆ, ನೀವೇಕೆ ಇಳಿಸುವುದಿಲ್ಲ" ಎಂದು ಕೇಳಿದವರಿಗೆ ಲೆಕ್ಕ ಹೇಳಲೇಬೇಕು. ಆಗ 12ರಿಂದ 5 ಪ್ರತಿಶತಕ್ಕೆ ಇಳಿದದ್ದು ಒಂದು ಸಾವಿರದಿಂದ ಎರಡೂವರೆ ಸಾವಿರ ರೂಪಾಯಿ ಒಳಗಿನ ಸಿದ್ಧ ಉಡುಪಿನ ತೆರಿಗೆ. ನೀವು ತರುವ ಪ್ಯಾಂಟ್ ಪೀಸಿಗೆ ಮೊದಲಿನಿಂದಲೂ 5 ಪ್ರತಿಶತವೇ ಇತ್ತು. ನಮ್ಮಂತೆ ವರ್ಷಕ್ಕೆ 20 ಲಕ್ಷ ರೂಪಾಯಿಯ ವಹಿವಾಟು ಇಲ್ಲದ ಹೊಲಿಗೆ ಅಂಗಡಿ ಜಿಎಸ್‌ಟಿ ನೋಂದಣಿ ಮಾಡಿಸಬೇಕಾಗಿಲ್ಲ. ನಿಮ್ಮ ಬಿಲ್ಲಿನಲ್ಲಿ ನಾವು ಯಾವತ್ತೂ ತೆರಿಗೆ ಹಾಕಿಲ್ಲ, ಹಾಕದ ತೆರಿಗೆಯನ್ನು ಇಳಿಸುವುದು ಹೇಗೆ? ಜಿಪ್ಪು, ದಾರ, ಹುಕ್ಕು ಕೊಳ್ಳುವಾಗ ನಾವು ಕೊಟ್ಟ ತೆರಿಗೆ ಮಾತ್ರ ನಮಗೆ ವಾಪಸು ಬರುವುದಿಲ್ಲ.

ಹೊಸ ದರದ 600 ರೂಪಾಯಿಯಲ್ಲಿ 280 ರೂಪಾಯಿ ಹೊಲಿಯುವವರ ಮಜೂರಿ, 80 ಕಟಿಂಗಿನದು. ಜಿಪ್ಪು, ಹುಕ್ಕು, ಗುಂಡಿ, ದಾರ, ಸೊಂಟಪಟ್ಟಿಯ ಕ್ಯಾನ್ವಾಸು, ಜೇಬಿನ ಬಟ್ಟೆ ಸೇರಿ 85. ಓವರ್‌ಲಾಕ್ (ಬಟ್ಟೆಯ ಅಂಚಿನ ಹೊಲಿಗೆ), ಕಾಜಾ (ಗುಂಡಿಯ ತೂತು), ಇಸ್ತ್ರಿ ಮತ್ತು ಕರೆಂಟಿಗೆ 40. ಉಳಿಯುವ 115 ರೂಪಾಯಿಯಲ್ಲಿ ಅಂಗಡಿ ಬಾಡಿಗೆ ಕಳೆದು ನಮ್ಮ ಮನೆ ನಡೆಯಬೇಕು. ಜೇಬಿನ ಬಟ್ಟೆಯಲ್ಲಿ ಅಗ್ಗದ್ದು ಹಾಕಿ ಹದಿನೈದು ರೂಪಾಯಿ ಉಳಿಸಬಹುದಿತ್ತು. ಆರು ತಿಂಗಳಿಗೆ ಜೇಬು ತೂತಾಗಿ ಚಿಲ್ಲರೆ ಕಾಲಿನೊಳಗೆ ಇಳಿಯುವ ಪ್ಯಾಂಟನ್ನು ನಮ್ಮ ಹೆಸರಿನಲ್ಲಿ ಕೊಡುವುದು ನಮ್ಮಿಂದಾಗದು. ಮಜೂರಿ ಏರಿಸದಿದ್ದರೆ ಹೊಲಿಯುವವರು ಉಳಿಯುವುದಿಲ್ಲ. ಕಳೆದ ಎರಡು ವರ್ಷಗಳಲ್ಲಿ ನಮ್ಮ ಇಬ್ಬರು ಒಳ್ಳೆಯ ಕೆಲಸಗಾರರು ಗೋವೆಗೆ ಹೋದರು, ಅವರನ್ನು ನಾವು ದೂರುವುದಿಲ್ಲ. ಒಂದೊಂದು ಟ್ರಯಲ್‌ಗೆ ಇಪ್ಪತ್ತು ನಿಮಿಷ, ಕಚ್ಚಾ ಹೊಲಿಗೆ ಬಿಚ್ಚಿ ಮತ್ತೆ ಹಾಕಲು ಇನ್ನಷ್ಟು ಹೊತ್ತು ಹೋಗುತ್ತದೆ. ಆ ಹೊತ್ತಿಗೆ ಬೇರೆ ದರ ಹಾಕಿಲ್ಲ, 600ರಲ್ಲಿಯೇ ಸೇರಿದೆ.

ಹನ್ನೆರಡು ದಿನ ಏಕೆ ಎಂದರೆ ಟ್ರಯಲ್ ಒಂದು ಕಾರಣ, ಮಳೆ ಇನ್ನೊಂದು. ಹತ್ತಿಯ ಬಟ್ಟೆಯನ್ನು ಕತ್ತರಿಸುವ ಮುಂಚೆ ನೀರಿನಲ್ಲಿ ನೆನೆಸಿ ಒಣಗಿಸಬೇಕು. ಜುಲೈ ತಿಂಗಳಿನಲ್ಲಿ ನಮ್ಮ ಊರಿನಲ್ಲಿ ಒಂದು ಪ್ಯಾಂಟ್ ಪೀಸು ಒಣಗಲು ಎಷ್ಟು ದಿನ ಬೇಕೆಂದು ನಿಮಗೆ ಹೇಳಬೇಕಾಗಿಲ್ಲ.

ಬರಲಾಗದ ಹಿರಿಯರ ಮನೆಗೆ, ಪೇಟೆಯೊಳಗಾದರೆ, ನಾವೇ ಟೇಪು ಹಿಡಿದು ಬರುತ್ತೇವೆ, ಟ್ರಯಲ್‌ಗೂ ಬರುತ್ತೇವೆ. ಸಿದ್ದಾಪುರ, ಯಲ್ಲಾಪುರದ ಕಡೆಯವರು ಮತ್ತು ಘಟ್ಟದ ಕೆಳಗಿನ ಕುಮಟಾದವರು ಎರಡು ಸಲ ಬಸ್ಸು ಹತ್ತುವುದು ಕಷ್ಟವೆಂದು ನಮಗೆ ಗೊತ್ತು. ಅಂಥವರು ಹಿಂದಿನ ದಿನ ಫೋನು ಮಾಡಿ ಬೆಳಿಗ್ಗೆ ಅಳತೆ ಕೊಟ್ಟರೆ, ಪೇಟೆಯ ಕೆಲಸ ಮುಗಿಸಿ ಬರುವಷ್ಟರಲ್ಲಿ ಕಚ್ಚಾ ಹೊಲಿಗೆ ತಯಾರಿಟ್ಟು ಅದೇ ಸಂಜೆ ಟ್ರಯಲ್ ಮಾಡಿಸುತ್ತೇವೆ. ಹತ್ತಿಯ ಬಟ್ಟೆಗೆ ಮಾತ್ರ ಇದು ಸಾಧ್ಯವಿಲ್ಲ. ಬೆಂಗಳೂರಿನಲ್ಲಿರುವ ಮಕ್ಕಳು ಹಬ್ಬಕ್ಕೆ ಬಂದಾಗ ಒಮ್ಮೆ ಅಳತೆ, ಟ್ರಯಲ್ ಎರಡೂ ಆದರೆ ಒಂದು ವರ್ಷದ ತನಕ ಅದೇ ಅಳತೆಯಲ್ಲಿ ಹೊಲಿದುಕೊಡುತ್ತೇವೆ. ಅಳತೆಯ ಹಳೆಯ ಪುಸ್ತಕಗಳಲ್ಲಿರುವ ನಿಮ್ಮ ನಿಮ್ಮ ಪುಟಗಳನ್ನು ತೆಗೆದಿಲ್ಲ, ಹೊಸ ಅಳತೆಯನ್ನು ಅದರ ಪಕ್ಕದಲ್ಲಿಯೇ ಬರೆಯುತ್ತೇವೆ. ಕೊಟ್ಟ ಮೇಲೆ ಮೂರು ತಿಂಗಳವರೆಗೆ ಸೊಂಟ, ಸೀಟು, ಉದ್ದಗಳ ಆಲ್ಟರೇಷನ್ ಎಂದಿನಂತೆ ಉಚಿತ. ಈಗಾಗಲೇ ಬಟ್ಟೆ ಕೊಟ್ಟು ರಸೀದಿ ಪಡೆದವರಿಗೆ ಹಳೆಯ ದರವೇ, ಆದರೆ ಟ್ರಯಲ್‌ಗೆ ಅವರೂ ಬರಬೇಕೆಂದು ಕೋರಿಕೆ.

ಕೊನೆಯದಾಗಿ, ಅಳತೆಗೆಂದು ಕೊಟ್ಟು ಹಿಂದಕ್ಕೆ ಒಯ್ಯದ 23 ಪ್ಯಾಂಟುಗಳು ನಮ್ಮ ಕಪಾಟಿನ ಕೆಳಗಿನ ಅರೆಯಲ್ಲಿವೆ. ಒಂದರ ಜೇಬಿನಲ್ಲಿ ಬೀಗದ ಕೈಯೂ ಇತ್ತು, ತೆಗೆದಿಟ್ಟಿದ್ದೇವೆ. ದಯವಿಟ್ಟು ಬಂದು ಗುರುತಿಸಿ ತೆಗೆದುಕೊಂಡು ಹೋಗಬೇಕು.

ಇಂತಿ ನಿಮ್ಮ ವಿಶ್ವಾಸಿ,
ನಿಮ್ಮ ದರ್ಜಿ ಅಂಗಡಿಯವರು