ಹೊಸ ಕಣ್ಣು ಕೂತಿದೆ, ಎಲ್ಲರಿಗೂ ಧನ್ಯವಾದ

ಹೊಸ ಕೃತಕ ಕಣ್ಣು ಹಾಕಿಸಿಕೊಂಡು ಬಂದೆ. ಗೀಜಿಲ್ಲ, ನೋವಿಲ್ಲ, ಚೆನ್ನಾಗಿ ಕೂತಿದೆ. ಇಷ್ಟು ದಿನ ವಿಚಾರಿಸುತ್ತಲೇ ಇದ್ದ ನಿಮಗೆಲ್ಲ ಮೊದಲು ಈ ಸುದ್ದಿ ಹೇಳಬೇಕು ಅನ್ನಿಸಿತು.

ಏನಾಗಿತ್ತು ಅಂತ ಹಲವರು ಕೇಳಿದ್ದಿರಿ. ಕಣ್ಣು ತೆಗೆದ ಮೇಲೆ ಗುಳಿಯನ್ನು ಸಾಮಾನ್ಯವಾಗಿ ಖಾಲಿ ಬಿಡುವುದಿಲ್ಲ. 18ರಿಂದ 22 ಮಿಲಿಮೀಟರ್ ಅಗಲದ ಗುಂಡನೆಯ ಇಂಪ್ಲಾಂಟ್ ಇಟ್ಟು, ಮೇಲೆ ಪದರ ಮುಚ್ಚಿ ಹೊಲಿಯುತ್ತಾರೆ. ಹೊರಗೆ ಕಾಣುವ ಬಣ್ಣದ ಕಣ್ಣು ಅದರ ಮುಂದೆ ಕೂರುವ ಚಿಪ್ಪು ಅಷ್ಟೇ. ನನ್ನ ಇಂಪ್ಲಾಂಟ್‌ನಲ್ಲಿ ಸಣ್ಣ ಸಣ್ಣ ರಂಧ್ರಗಳಿದ್ದವು. ರಕ್ತನಾಳಗಳು ಅದರೊಳಗೆ ಬೆಳೆದು ಬಿಗಿಯಾಗಿ ಹಿಡಿದುಕೊಳ್ಳಲಿ ಅಂತ ಹಾಗೆ ಮಾಡಿರುತ್ತಾರೆ. ಆದರೆ ಮೇಲಿನ ಪದರ ಸವೆದು ಬಾಯಿ ಬಿಟ್ಟರೆ, ಅದೇ ರಂಧ್ರಗಳಲ್ಲಿ ಸೋಂಕು ಸೇರಿಕೊಳ್ಳುತ್ತದೆ. ನನಗೆ ಆಗಿದ್ದು ಅದೇ.

ಗೀಜು ಜಾಸ್ತಿ ಅಂದಾಗ ಒಂದು ಕಡೆ ಡ್ರಾಪ್ಸ್ ಕೊಟ್ಟು ಕಳಿಸಿದ್ದರು. ಕಂಡುಹಿಡಿದವರು ಕೃತಕ ಕಣ್ಣು ಮಾಡಿಕೊಡುವ ನಮ್ಮ ಆಕ್ಯುಲರಿಸ್ಟ್. ಪಾಲಿಶ್ ಮಾಡಿಸಲು ಹೋಗಿದ್ದೆ. ಚಿಪ್ಪು ತೆಗೆದು, ರೆಪ್ಪೆ ಎತ್ತಿ, ಟಾರ್ಚ್ ಹಿಡಿದು ನೋಡಿದರು. ಕೆಂಪು ಪದರದ ನಡುವೆ ಸಾಸಿವೆಯಷ್ಟು ಬಿಳಿ ಚುಕ್ಕೆ, ಪದರ ಸವೆದು ಇಂಪ್ಲಾಂಟ್ ಇಣುಕುತ್ತಿತ್ತು. "ಪಾಲಿಶ್ ಆಮೇಲೆ ನೋಡೋಣ, ಇವತ್ತೇ ಸರ್ಜನ್ ಹತ್ತಿರ ಹೋಗಿ" ಅಂದರು. ಸರ್, ನಿಮ್ಮ ಋಣ ದೊಡ್ಡದು.

ಸರ್ಜನ್ ಮೇಡಂ, ಎರಡನೇ ಆಪರೇಷನ್‌ಗೆ ನನಗೆ ಮೊದಲಿಗಿಂತ ಜಾಸ್ತಿ ಭಯವಿತ್ತು. ಇಂಪ್ಲಾಂಟ್ ಯಾಕೆ ತೆಗೆಯಲೇಬೇಕು ಅಂತ ಚಿತ್ರ ಬರೆದು ತೋರಿಸಿದಿರಿ. ಸೊಂಟದ ಕೆಳಗಿಂದ ಚರ್ಮದ ಒಳಪದರವನ್ನು ಕೊಬ್ಬಿನ ಸಮೇತ ತೆಗೆದು ಗುಳಿ ತುಂಬಿದಿರಿ. ಅದರಲ್ಲಿ ಸ್ವಲ್ಪ ಕರಗಬಹುದು ಅಂತಲೂ ಮುಚ್ಚಿಡದೆ ಹೇಳಿದಿರಿ. ಆ ನೇರ ಮಾತೇ ನನಗೆ ಧೈರ್ಯ ಕೊಟ್ಟಿದ್ದು.

ಅಕ್ಕನಿಗೆ ಏನು ಹೇಳಲಿ? ರಾತ್ರಿ ಎದ್ದು ಮುಲಾಮು ಹಚ್ಚಿದವಳು ಅವಳು. ಈಗಲೂ ಹೊರಗೆ ಹೊರಟರೆ ನನಗೆ ಕಾಣದ ಎಡಗಡೆಗೇ ಬಂದು ನಡೆಯುತ್ತಾಳೆ.

ಗಾಯ ಮಾಗಿದ ಮೇಲೆ ಹೊಸ ಅಚ್ಚು ತೆಗೆದರು. ಆಕ್ಯುಲರಿಸ್ಟ್ ನನ್ನ ಬಲಗಣ್ಣನ್ನೇ ನೋಡುತ್ತಾ ಪಾಪೆಯ ಸುತ್ತಲಿನ ಕಂದು ಬಣ್ಣವನ್ನು ಪದರ ಪದರವಾಗಿ ಬಳಿದರು. ಬಿಳಿ ಭಾಗದಲ್ಲಿ ರಕ್ತನಾಳಗಳಿರುವಂತೆ ಕಾಣಲಿ ಅಂತ ಕೆಂಪು ದಾರದ ಎಳೆಗಳನ್ನು ಕೂರಿಸಿದರು. ಎಷ್ಟು ತಾಳ್ಮೆ ಅಂತೀರಿ!

ಕೃತಕ ಕಣ್ಣು ಹಾಕುವವರು ಕೆಲವರು ನನಗೆ ಫೋನ್ ಮಾಡಿ ಧೈರ್ಯ ಹೇಳಿದ್ದಿರಿ. ನಿಮ್ಮಲ್ಲಿ ಒಂದು ಕೋರಿಕೆ. ಗೀಜು ನಿಲ್ಲದಿದ್ದರೆ, ರಕ್ತ ಕಂಡರೆ, ಕಣ್ಣು ಸರಿಯಾಗಿ ಕೂರದಿದ್ದರೆ ಸುಮ್ನೆ ಡ್ರಾಪ್ಸ್ ತಗೊಂಡು ಬರಬೇಡಿ. ಚಿಪ್ಪು ತೆಗೆದು ಒಳಗೆ ನೋಡಿ ಅಂತ ಬಾಯಿಬಿಟ್ಟು ಕೇಳಿ.