ಬಿಪಿ ಮಾತ್ರೆಗೂ ಕಾರವಾರವೇ ಬೇಕಾ?

ಮಾನ್ಯರೇ,

ಮೊನ್ನೆ ಕಾರವಾರದ ಬಸ್ಸಿನಲ್ಲಿ ಒಬ್ಬ ಅಜ್ಜಿ ಸಿಕ್ಕಿದ್ದರು. ಜೊಯಿಡಾ ಕಡೆಯವರು, ಬರೀ ಬಿಪಿ ಮಾತ್ರೆಗೆ ಘಟ್ಟ ಇಳಿದು ಜಿಲ್ಲಾಸ್ಪತ್ರೆಗೆ ಬಂದಿದ್ದರು. ಬಿಪಿ, ಶುಗರ್, ಜ್ವರ, ಮಕ್ಕಳ ಲಸಿಕೆ ಇವಕ್ಕೆಲ್ಲ ಪ್ರಾಥಮಿಕ ಆರೋಗ್ಯ ಕೇಂದ್ರ ಸಾಕು ಅಲ್ವಾ? ಗುಡ್ಡಗಾಡಿನಲ್ಲಿ 20,000 ಜನರಿಗೆ ಒಂದು ಕೇಂದ್ರ ಇರಬೇಕು ಅನ್ನೋದು ಸರ್ಕಾರದ್ದೇ ಲೆಕ್ಕ. ಕಷ್ಟದ ಹೆರಿಗೆ, ಆಪರೇಷನ್‌ಗೆ ತಾಲ್ಲೂಕು ಆಸ್ಪತ್ರೆ, ಅಲ್ಲೂ ಆಗದಿದ್ದರೆ ಜಿಲ್ಲಾಸ್ಪತ್ರೆ.

ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಿಲ್ಲ. ಆಯುಷ್ಮಾನ್ ಕಾರ್ಡ್ ಇದ್ದರೂ ದೊಡ್ಡ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆ ಸೇರಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು, ತುರ್ತು ಇದ್ದರೆ ಮಾತ್ರ ವಿನಾಯಿತಿ. ಆರೋಗ್ಯ ಇಲಾಖೆಯವರೇ, ಇದನ್ನೆಲ್ಲ ಪ್ರತಿ ಪಂಚಾಯಿತಿಯ ಗೋಡೆ ಮೇಲೆ ದೊಡ್ಡದಾಗಿ ಬರೆಸಿ. ಜೊತೆಗೆ ಕೆಳಗಿನ ಕೇಂದ್ರಗಳಲ್ಲಿ ವೈದ್ಯರು, ಮಾತ್ರೆ, ಹಾವಿನ ವಿಷಕ್ಕೆ ಔಷಧ ಸದಾ ಇರುವಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಜನ ಯಾಕೆ ಅಲ್ಲಿಗೆ ಹೋಗುತ್ತಾರೆ?

– ಓದುಗ, ಅಂಕೋಲಾ